ಮೂರು ಪೋರ್ಟಲ್, ಮೂರು ಡೀಸೆಲ್ ಲೆಕ್ಕ: ಲಾರಿಯ ಡೇಟಾ ಯಾರ ಕೈಯಲ್ಲಿದೆ?

ಪ್ರಶ್ನೆ: ಹೊಸಪೇಟೆಯಲ್ಲಿ ನಮ್ಮದು 38 ಲಾರಿಗಳ ಟ್ರಾನ್ಸ್‌ಪೋರ್ಟ್. ಟಾಟಾ, ಅಶೋಕ್ ಲೇಲ್ಯಾಂಡ್, ಭಾರತ್‌ಬೆಂಜ್ ಮೂರೂ ಇವೆ. 26 ಗಾಡಿ ಬಿಎಸ್‌6 (ಹೊಸ ಹೊಗೆ ನಿಯಮದವು), ಉಳಿದವು ಹಳೆಯವು. ಕಂಪನಿಗಳ ಮೂರು ಪೋರ್ಟಲ್ ಒಂದು ಕಡೆ, ಪರ್ಮಿಟ್‌ಗೆಂದು ಹಾಕಿಸಿದ ಎಐಎಸ್‌-140 ಟ್ರ್ಯಾಕಿಂಗ್ ಡಿವೈಸ್ ಇನ್ನೊಂದು ಕಡೆ. ಡಿವೈಸ್ ಕೊಟ್ಟವರು ಈ ಸಲ ರಿನ್ಯೂವಲ್‌ಗೆ ಹೆಚ್ಚುಕಡಿಮೆ ದುಪ್ಪಟ್ಟು ಕೇಳುತ್ತಿದ್ದಾರೆ. ಬೇಡ ಅಂದರೆ "ಡಿವೈಸ್ ಡೆಡ್ ಆಗುತ್ತೆ, ಹಳೇ ಡೇಟಾನೂ ಹೋಗುತ್ತೆ" ಅಂತಾರೆ. ಒಂದೇ ಟ್ರಿಪ್‌ಗೆ ಕಂಪನಿ ಪೋರ್ಟಲ್ ಒಂದು ಡೀಸೆಲ್ ಲೆಕ್ಕ ತೋರಿಸಿದರೆ ಟ್ರ್ಯಾಕಿಂಗ್ ಆ್ಯಪ್ ಇನ್ನೊಂದು ತೋರಿಸುತ್ತದೆ, ಬಂಕಿನ ಬಿಲ್ಲು ಮತ್ತೊಂದು. ಮಗ ಇಂಜಿನಿಯರ್. ಓಪನ್ ಸ್ಟ್ಯಾಂಡರ್ಡ್ ಇದೆ, ನಮ್ಮದೇ ಸರ್ವರ್ ಇಟ್ಟುಕೊಳ್ಳೋಣ ಅಂತಾನೆ. ಹಾಗೆ ಮಾಡಿದರೆ ಆರ್‌ಟಿಓ ತಕರಾರು ಬರುತ್ತದಾ? ಗಾಡಿ ವಾರಂಟಿ ಹೋಗುತ್ತದಾ? — ಒಬ್ಬ ಲಾರಿ ಮಾಲೀಕರು

ಉತ್ತರ: ನೀವು ಒಟ್ಟಿಗೆ ಕೇಳಿರುವುದು ಮೂರು ಬೇರೆ ಬೇರೆ ವಿಷಯ. ಡಿವೈಸ್ ಯಾರ ಹಿಡಿತದಲ್ಲಿದೆ, ಡೀಸೆಲ್ ಲೆಕ್ಕ ಏಕೆ ತಾಳೆಯಾಗುವುದಿಲ್ಲ, ಸ್ವಂತ ಸರ್ವರ್ ಮಾಡಿದರೆ ಕಾನೂನು ಮತ್ತು ವಾರಂಟಿ ಏನನ್ನುತ್ತವೆ. ಒಂದಕ್ಕೆ ಇನ್ನೊಂದನ್ನು ಸೇರಿಸಿಕೊಂಡಾಗಲೇ ಮಾರುವವರ ಮಾತು ನಮ್ಮನ್ನು ಹೆದರಿಸುವುದು.

ಮೊದಲು ಆ "ಡೆಡ್ ಆಗುತ್ತೆ" ಎಂಬ ಮಾತು. ಎಐಎಸ್‌-140 ಎಂಬ ಭಾರತೀಯ ಸ್ಟ್ಯಾಂಡರ್ಡ್ ಪ್ರಕಾರದ ಡಿವೈಸ್ ಅಂದರೆ ಜಿಪಿಎಸ್ ಮತ್ತು ನಮ್ಮ ದೇಶದ ನಾವಿಕ್ ಉಪಗ್ರಹಗಳ ಸಿಗ್ನಲ್ ಹಿಡಿಯುವ ಒಂದು ಚಿಪ್, ಒಂದು ಮೊಬೈಲ್ ಮೋಡೆಮ್, ಒಳಗೊಂದು ಚಿಕ್ಕ ಬ್ಯಾಟರಿ. ಅದರ ಮೆಮೊರಿಯಲ್ಲಿ ಯಾವ ಸರ್ವರ್ ವಿಳಾಸ ಬರೆದಿದೆಯೋ ಅಲ್ಲಿಗೆ ಅದು ಮಾಹಿತಿ ಕಳಿಸುತ್ತದೆ. ಸರ್ಕಾರಿ ಬಳಕೆಗೆ ಒಂದು ವಿಳಾಸ, ತುರ್ತು ಸೇವೆಗೆ ಒಂದು ವಿಳಾಸ, ಹೀಗೆ ಕನಿಷ್ಠ ಎರಡು ಕಡೆಗೆ ಕಳಿಸುವ ಸಾಮರ್ಥ್ಯ ಇರಲೇಬೇಕೆಂದು ಸ್ಟ್ಯಾಂಡರ್ಡ್ ಹೇಳುತ್ತದೆ. ನಿಮ್ಮ ವ್ಯವಹಾರದ ಬಳಕೆಗೆ ಬೇಕಾದ ವಿಳಾಸ ಇವೆರಡಕ್ಕೂ ಹೊರತಾದದ್ದು. ಈಗ ನಿಮಗೆ ಡಿವೈಸ್ ಕೊಟ್ಟವರ ಆ್ಯಪ್ ಓಡುತ್ತಿರುವುದು ಈ ಮೂರನೆಯ ವಿಳಾಸದಿಂದಲೇ. ಡಬ್ಬಿ ನಿಮ್ಮ ದುಡ್ಡಿನದು, ಅದು ಒಂದೊಂದು ಸಲ ಕಳಿಸುವ ಮಾಹಿತಿಯ ಕಟ್ಟಿನ, ಅಂದರೆ ಪ್ಯಾಕೆಟ್‌ನ ನಮೂನೆ ಬಹಿರಂಗವಾಗಿ ಪ್ರಕಟವಾದದ್ದು. ಆದರೂ ನೀವು ಅವರ ಮೇಲೆ ಅವಲಂಬಿತರಾಗಿರುವುದಕ್ಕೆ ಕಾರಣ ಎರಡೇ: ಡಿವೈಸ್‌ನ ಕಾನ್ಫಿಗರೇಷನ್ ಪಾಸ್‌ವರ್ಡ್ ಅವರ ಬಳಿ ಇದೆ, ಸಿಮ್ ಅವರ ಹೆಸರಿನಲ್ಲಿದೆ.

ಈ ಸಿಮ್ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಸ್ವಂತ ಸರ್ವರ್ ಮಾಡಹೊರಟವರು ಮುಗ್ಗರಿಸುವುದು ಹೆಚ್ಚಾಗಿ ಇಲ್ಲೇ. ಇಂಥ ಡಿವೈಸ್‌ನೊಳಗೆ ಇರುವುದು 13 ಅಂಕಿಯ ನಂಬರಿನ ಎಂ2ಎಂ (ಯಂತ್ರದಿಂದ ಯಂತ್ರಕ್ಕೆ ಮಾಹಿತಿ ಕಳಿಸುವ) ಸಿಮ್, ಸಾಮಾನ್ಯವಾಗಿ ಬೆಸುಗೆ ಹಾಕಿದ ಇ-ಸಿಮ್. ಅದು ನಿಮ್ಮ ಮೊಬೈಲ್ ಸಿಮ್‌ನಂತೆ ಇಂಟರ್ನೆಟ್‌ನ ಎಲ್ಲ ಕಡೆಗೂ ಹೋಗುವುದಿಲ್ಲ. ಸೇವೆ ಕೊಡುವವರು ಅನುಮತಿ ಕೊಟ್ಟ ಐಪಿ ವಿಳಾಸಗಳಿಗೆ ಮಾತ್ರ ಡೇಟಾ, ಅನುಮತಿ ಕೊಟ್ಟ ನಂಬರುಗಳಿಂದ ಮಾತ್ರ ಎಸ್‌ಎಂಎಸ್. ಮಗ ಸರ್ವರ್ ಕಟ್ಟುತ್ತಾನೆ, ಡಿವೈಸ್‌ಗೆ ಹೊಸ ವಿಳಾಸ ಬರೆಯುತ್ತಾನೆ, ಡಿವೈಸ್ ಕೂಡ ಒಪ್ಪಿಕೊಳ್ಳುತ್ತದೆ, ಆದರೆ ಸರ್ವರ್‌ಗೆ ಒಂದು ಪ್ಯಾಕೆಟ್ ಕೂಡ ಬಂದಿರುವುದಿಲ್ಲ. ಎರಡು ದಿನ ಫೈರ್‌ವಾಲ್ ಹುಡುಕುತ್ತ ಕೂರುತ್ತಾರೆ. ತೊಂದರೆ ಇರುವುದು ಸಿಮ್‌ನ ಪಟ್ಟಿಯಲ್ಲಿ. ಹಾಗಾಗಿ ಹೊಸ ಸರ್ವರ್‌ಗೆ ಬದಲಾಗದ ಐಪಿ ವಿಳಾಸ ತೆಗೆದುಕೊಂಡು, ಅದನ್ನು ಸಿಮ್ ಪಟ್ಟಿಗೆ ಸೇರಿಸಲು ಲಿಖಿತವಾಗಿ ಕೇಳುವುದು ಮೊದಲ ಕೆಲಸ. ಕೋಡ್ ಬರೆಯುವುದು ಆಮೇಲೆ.

ಆರ್‌ಟಿಓ ಪ್ರಶ್ನೆಗೆ ಉತ್ತರ ಸರಳ. ಸರ್ಕಾರಿ ವಿಳಾಸವನ್ನೂ ತುರ್ತು ವಿಳಾಸವನ್ನೂ ಮುಟ್ಟಬೇಡಿ, ಡಿವೈಸ್‌ನ ಫರ್ಮ್‌ವೇರ್ (ಒಳಗಿನ ಮೂಲ ಸಾಫ್ಟ್‌ವೇರ್) ಬದಲಿಸಬೇಡಿ, ಡಿವೈಸ್ ಕಿತ್ತು ಇನ್ನೊಂದು ಗಾಡಿಗೆ ಹಾಕಬೇಡಿ. ಅನುಮೋದನೆ ಸಿಕ್ಕಿರುವುದು ಆ ಮಾಡೆಲ್‌ಗೆ, ಆ ಫರ್ಮ್‌ವೇರ್‌ಗೆ. ಡಿವೈಸ್‌ನ ಗುರುತಿನ ಸಂಖ್ಯೆಯಾದ ಐಎಂಇಐ ನಂಬರ್ ನಿಮ್ಮ ಗಾಡಿಯ ನಂಬರ್ ಜೊತೆ ಸರ್ಕಾರದ ವಾಹನ್ ದಾಖಲೆಗೆ ಜೋಡಣೆಯಾಗಿರುತ್ತದೆ. ಮೂರನೆಯ ವಿಳಾಸ ಸೇರಿಸುವುದರಿಂದ ಇದ್ಯಾವುದೂ ಕೆಡುವುದಿಲ್ಲ. ಇದಕ್ಕೆ ತಿರುಗುಮುರುಗಾಗಿ, ಅಗ್ಗದ ಟ್ರ್ಯಾಕರ್ ತಂದು ಎಐಎಸ್‌-140 ಡಿವೈಸ್ ತೆಗೆದುಬಿಟ್ಟರೆ ಎಫ್‌ಸಿ, ಪರ್ಮಿಟ್ ಕೆಲಸದಲ್ಲಿ ಸಿಕ್ಕಿಬೀಳುತ್ತೀರಿ. ಕರ್ನಾಟಕದಲ್ಲಿ ನ್ಯಾಷನಲ್ ಪರ್ಮಿಟ್ ಇರುವ ಗೂಡ್ಸ್ ಗಾಡಿಗಳನ್ನೂ ಈ ನಿಯಮದಡಿ ತಂದಿರುವುದರಿಂದ ಅಂಥ ಉಳಿತಾಯದ ಆಸೆ ಬೇಡ. ಒಂದು ಸಣ್ಣ ಕೊಕ್ಕೆಯಿದೆ: ರಿನ್ಯೂವಲ್ ದುಡ್ಡಿನಲ್ಲಿ ಸಿಮ್ ಪ್ಲಾನ್ ಕೂಡ ಸೇರಿರುತ್ತದೆ. ಸಿಮ್ ನಿಂತರೆ ಸರ್ಕಾರಿ ಸರ್ವರ್‌ಗೂ ಡೇಟಾ ನಿಲ್ಲುತ್ತದೆ. ಆದ್ದರಿಂದ "ಸಿಮ್ ರಿನ್ಯೂವಲ್ ಎಷ್ಟು, ಆ್ಯಪ್ ಬಾಡಿಗೆ ಎಷ್ಟು, ಬೇರೆ ಬೇರೆ ಮಾಡಿ ಕೊಡಿ" ಎಂದು ಕೇಳಿ. ದುಪ್ಪಟ್ಟಾಗಿರುವುದು ಯಾವುದು ಅಂತ ಆಗ ಗೊತ್ತಾಗುತ್ತದೆ.

ಇನ್ನು ಓಪನ್ ಸ್ಟ್ಯಾಂಡರ್ಡ್. ನಿಮ್ಮ ಮಗ ಹೇಳಿದ್ದು ನಿಜ, ಆದರೆ ಅದು ಒಂದೇ ಸ್ಟ್ಯಾಂಡರ್ಡ್ ಅಲ್ಲ. ಇಂಜಿನ್ ಒಳಗಿನ ತಂತಿಯ ಮೇಲೆ ಓಡುವುದು ಒಂದು, ಡಿವೈಸ್‌ನಿಂದ ಸರ್ವರ್‌ಗೆ ಹೋಗುವುದು ಇನ್ನೊಂದು, ಒಂದು ಸರ್ವರ್‌ನಿಂದ ಇನ್ನೊಂದು ಸರ್ವರ್‌ಗೆ ಹೋಗುವುದು ಮತ್ತೊಂದು.

ತಂತಿಯ ಮೇಲಿರುವುದು ಜೆ1939. ಭಾರಿ ವಾಹನಗಳ ಇಂಜಿನ್, ಬ್ರೇಕ್, ಡ್ಯಾಶ್‌ಬೋರ್ಡ್ ಕಂಪ್ಯೂಟರುಗಳು ಎರಡು ತಂತಿಯ ಕ್ಯಾನ್ ಬಸ್ ಮೇಲೆ ಮಾತಾಡಿಕೊಳ್ಳುವ ಭಾಷೆ ಇದು, ವೇಗ ಸೆಕೆಂಡಿಗೆ 250 ಅಥವಾ 500 ಕಿಲೋಬಿಟ್. ಪ್ರತಿ ಸಂದೇಶಕ್ಕೂ ಒಂದು ಪಿಜಿಎನ್ ನಂಬರ್. ಉದಾಹರಣೆಗೆ 61444 ನಂಬರಿನ ಸಂದೇಶದಲ್ಲಿ ಎಂಟು ಬೈಟ್ ಇರುತ್ತವೆ, ನಾಲ್ಕನೆಯದು ಮತ್ತು ಐದನೆಯದು ಇಂಜಿನ್ ಸ್ಪೀಡ್. ಹೆಕ್ಸ್‌ನಲ್ಲಿ (ಹದಿನಾರರ ಲೆಕ್ಕದ ಎಣಿಕೆ) ಅವು 60 ಮತ್ತು 27 ಎಂದು ಕಂಡರೆ ಹಿಂದುಮುಂದಾಗಿ 2760 ಎಂದು ಓದಬೇಕು. ದಶಮಾನದಲ್ಲಿ ಅದು 10,080. ಒಂದು ಅಂಕಕ್ಕೆ 0.125 ಆರ್‌ಪಿಎಂ, ಅಂದರೆ 1,260 ಆರ್‌ಪಿಎಂ. ಟಾಟಾ ಆಗಲಿ ಲೇಲ್ಯಾಂಡ್ ಆಗಲಿ, ಜೆ1939 ಪ್ರಕಾರ ಕಳಿಸಿದರೆ ಲೆಕ್ಕ ಇದೇ. ಹಾಗೆಯೇ 65257 ಸಂದೇಶದ ಕೊನೆಯ ನಾಲ್ಕು ಬೈಟ್‌ಗಳು ಇಂಜಿನ್ ಹುಟ್ಟಿದಾಗಿನಿಂದ ಸುಟ್ಟ ಒಟ್ಟು ಡೀಸೆಲ್, ಒಂದು ಅಂಕಕ್ಕೆ ಅರ್ಧ ಲೀಟರ್. 65276 ಸಂದೇಶದ ಎರಡನೆಯ ಬೈಟ್ ಟ್ಯಾಂಕ್ ಮಟ್ಟ, ಅಂಕಕ್ಕೆ ಶೇ 0.4. ಬೈಟ್ ಪೂರ್ತಿ ತುಂಬಿ 255 ಬಂದರೆ ಅದು ಟ್ಯಾಂಕ್ ಫುಲ್ ಅಲ್ಲ, "ಈ ಗಾಡಿಯಲ್ಲಿ ಈ ಮಾಹಿತಿ ಇಲ್ಲ" ಎಂದರ್ಥ. ಇದನ್ನು ಸೋಸದೆ ಬಿಟ್ಟ ಸಾಫ್ಟ್‌ವೇರ್‌ಗಳಲ್ಲಿ ಟ್ಯಾಂಕ್ ಶೇ 102 ತೋರಿಸುತ್ತದೆ. ಡೆಮೊ ತೋರಿಸಲು ಬಂದವರ ಪರದೆಯಲ್ಲಿ ಆ ಅಂಕಿ ಕಂಡರೆ ಅವರ ಕೆಲಸದ ಮಟ್ಟ ಅಲ್ಲೇ ಗೊತ್ತಾಗುತ್ತದೆ.

ಓಪನ್ ಅಂದರೆ ಪುಕ್ಕಟೆ ಅಲ್ಲ, ಸಂಪೂರ್ಣವೂ ಅಲ್ಲ. ಜೆ1939 ದಾಖಲೆಗಳನ್ನು ಅದನ್ನು ರೂಪಿಸಿದ ಎಸ್‌ಎಇ ಸಂಸ್ಥೆ ದುಡ್ಡಿಗೆ ಮಾರುತ್ತದೆ. ಜೊತೆಗೆ 65280ರಿಂದ 65535ರವರೆಗಿನ ಪಿಜಿಎನ್‌ಗಳನ್ನು ತಯಾರಕರ ಸ್ವಂತ ಬಳಕೆಗೆ ಬಿಟ್ಟಿದ್ದಾರೆ, ಅದರೊಳಗೆ ಏನಿದೆ ಎಂಬುದು ಅವರಿಗಷ್ಟೇ ಗೊತ್ತು. ಫಾಲ್ಟ್ ಕೋಡ್‌ಗಳಲ್ಲೂ ಹಾಗೆಯೇ. ತೊಂದರೆ ಯಾವುದರಲ್ಲಿ ಎಂದು ಹೇಳುವುದು ಎಸ್‌ಪಿಎನ್ ನಂಬರ್, ಯಾವ ಬಗೆಯದು ಎಂದು ಹೇಳುವುದು ಎಫ್‌ಎಂಐ ನಂಬರ್. ಎಸ್‌ಪಿಎನ್ 100 ಜೊತೆ ಎಫ್‌ಎಂಐ 1 ಬಂದರೆ ಯಾವ ಗಾಡಿಯಲ್ಲಾದರೂ ಆಯಿಲ್ ಪ್ರೆಷರ್ ಅಪಾಯದ ಮಟ್ಟಕ್ಕೆ ಇಳಿದಿದೆ ಎಂದೇ. ಎಸ್‌ಪಿಎನ್ 5,20,192 ಅಥವಾ ಅದಕ್ಕಿಂತ ಮೇಲಿನದು ಬಂದರೆ ಅದು ತಯಾರಕರ ಸ್ವಂತ ಕೋಡ್, ಶೋರೂಮ್‌ಗೇ ಹೋಗಬೇಕು. ಹಾಗಾಗಿ ಸ್ವಂತ ಸರ್ವರ್ ಆದಮೇಲೂ ಕಂಪನಿ ಪೋರ್ಟಲ್‌ನ ಒಂದಷ್ಟು ಉಪಯೋಗ ಉಳಿಯುತ್ತದೆ.

ಯುರೋಪಿನ ಆರು ದೊಡ್ಡ ಟ್ರಕ್ ತಯಾರಕರು 2002ರಲ್ಲಿ ಸೇರಿ ಎಫ್‌ಎಂಎಸ್ ಎಂಬ ಒಪ್ಪಂದ ಮಾಡಿಕೊಂಡರು: ಜೆ1939ರಿಂದ ಆಯ್ದ ಕೆಲವು ಸಂದೇಶಗಳನ್ನು ಒಂದು ಗೇಟ್‌ವೇ ಮೂಲಕ ಹೊರಗಿನವರಿಗೆ ಓದಲು ಕೊಡುವುದು, ಒಳಗೆ ಬರೆಯಲು ಬಿಡದಿರುವುದು. ಆಮೇಲೆ ಬಂದ ಆರ್‌ಎಫ್‌ಎಂಎಸ್ ಅದನ್ನೇ ಸರ್ವರ್ ಮಟ್ಟಕ್ಕೆ ತಂದಿತು. ತಯಾರಕರ ಸರ್ವರ್‌ಗೆ ನಿಮ್ಮ ಸರ್ವರ್ ಕೇಳುತ್ತದೆ, ಗಾಡಿಗಳ ಪಟ್ಟಿ, ಜಾಗ, ಸ್ಥಿತಿ ಜೇಸನ್ ಎಂಬ ಪಠ್ಯ ರೂಪದಲ್ಲಿ ಬರುತ್ತದೆ, ದೂರ ಮೀಟರಿನಲ್ಲಿ, ಒಟ್ಟು ಡೀಸೆಲ್ ಮಿಲಿಲೀಟರಿನಲ್ಲಿ. ಅಮೆರಿಕದಲ್ಲಿ ಸರಕು ಸಾಗಣೆದಾರರ ಸಂಘಟನೆ ಎನ್‌ಎಂಎಫ್‌ಟಿಎ ರೂಪಿಸಿದ ಓಪನ್ ಟೆಲಿಮ್ಯಾಟಿಕ್ಸ್ ಎಪಿಐ (ಎಪಿಐ ಅಂದರೆ ಒಂದು ಸಾಫ್ಟ್‌ವೇರ್ ಇನ್ನೊಂದರಿಂದ ಡೇಟಾ ಕೇಳಿ ಪಡೆಯುವ ದಾರಿ) ಹುಟ್ಟಿದ್ದೂ ನಿಮ್ಮಂಥದೇ ಗೋಳಿನಿಂದ. ಟೆಲಿಮ್ಯಾಟಿಕ್ಸ್ ಕಂಪನಿ, ಅಂದರೆ ಗಾಡಿಯ ಡೇಟಾ ದೂರದಿಂದ ತರಿಸಿಕೊಡುವ ಕಂಪನಿ ಬದಲಿಸಿದಾಗ ಆಫೀಸಿನ ಸಾಫ್ಟ್‌ವೇರನ್ನೆಲ್ಲ ಮತ್ತೆ ಬರೆಯುವ ಹಾಗಾಗಬಾರದು ಎಂಬುದು ಅದರ ಉದ್ದೇಶ. ನಮ್ಮಲ್ಲಿ ಎಐಎಸ್‌-140 ಕಡ್ಡಾಯ ಮಾಡಿರುವುದು ಜಾಗ, ವೇಗ, ಇಗ್ನಿಷನ್, ಪ್ಯಾನಿಕ್ ಬಟನ್‌ಗಷ್ಟೇ. ಇಂಜಿನ್ ಡೇಟಾ ಹಂಚಿಕೊಳ್ಳಲೇಬೇಕೆಂದು ಅದು ಹೇಳುವುದಿಲ್ಲ. ನಿಮ್ಮ ಎಐಎಸ್‌ ಡಿವೈಸ್‌ನಿಂದ ನಿಜವಾದ ಡೀಸೆಲ್ ಲೆಕ್ಕ ಸಿಗದಿರುವುದಕ್ಕೆ ಮೂಲ ಕಾರಣ ಇದು.

ಹಾಗಾದರೆ ಟ್ರ್ಯಾಕಿಂಗ್ ಆ್ಯಪ್ ತೋರಿಸುವ ಡೀಸೆಲ್ ಎಲ್ಲಿಂದ ಬಂತು? ಇಂಥ ಕಡೆ ಸಾಮಾನ್ಯವಾಗಿ ಅದು ಜಿಪಿಎಸ್ ದೂರವನ್ನು ನೀವು ಕೊಟ್ಟ ಮೈಲೇಜ್‌ನಿಂದ ಭಾಗಿಸಿದ ಅಂಕಿ. ಅಳತೆಯಲ್ಲ, ಅಂದಾಜು. ಕಂಪನಿ ಪೋರ್ಟಲ್‌ನದು ಇಂಜಿನ್ ಕಂಪ್ಯೂಟರ್ ಇಂಜೆಕ್ಷನ್ ಲೆಕ್ಕ ಹಾಕಿ ಹೇಳುವ ಒಟ್ಟು ಬಳಕೆ, ಗಾಡಿ ನಿಂತಲ್ಲೇ ಇಂಜಿನ್ ಓಡಿದ್ದೂ ಅದರಲ್ಲಿ ಸೇರಿರುತ್ತದೆ. ಬಂಕಿನ ಬಿಲ್ಲು ಟ್ಯಾಂಕಿಗೆ ಬಿದ್ದದ್ದು, ಅಥವಾ ಬಿದ್ದಿದೆ ಎಂದು ಹೇಳಿದ್ದು. ಮೂರೂ ಮೂರು ಬೇರೆ ಸಂಗತಿಗಳನ್ನು ಹೇಳುತ್ತಿರುವಾಗ ತಾಳೆಯಾಗದಿರುವುದೇ ಸಹಜ. ದೂರದ ಲೆಕ್ಕವೂ ಅಷ್ಟೇ. ಡಿವೈಸ್ ನಿಮಿಷಕ್ಕೊಂದು ಪಾಯಿಂಟ್ ಕಳಿಸಿದರೆ 60 ಕಿ.ಮೀ. ವೇಗದಲ್ಲಿ ಎರಡು ಪಾಯಿಂಟ್ ನಡುವೆ ಒಂದು ಕಿಲೋಮೀಟರ್. ಸಾಫ್ಟ್‌ವೇರ್ ಅದನ್ನು ನೇರ ಗೆರೆ ಎಳೆದು ಅಳೆಯುತ್ತದೆ, ಘಾಟಿಯ ತಿರುವುಗಳೆಲ್ಲ ಮಾಯ. ಪ್ಲಾಂಟ್ ಮುಂದೆ ರಾತ್ರಿಯಿಡೀ ನಿಂತ ಗಾಡಿಯಲ್ಲಿ ಉಲ್ಟಾ, ಪಾಯಿಂಟ್ ಅತ್ತಿತ್ತ ಅಲುಗಾಡಿ ಇಲ್ಲದ ದೂರ ಕೂಡಿಕೊಳ್ಳುತ್ತದೆ. ಓಡೋಮೀಟರ್ ಟೈರ್ ತಿರುಗಿದ್ದನ್ನು ಎಣಿಸುತ್ತದೆ. ಹೊಸ ಟೈರಿಗೂ ಸವೆದ ಟೈರಿಗೂ ಶೇ 2ರಷ್ಟು ಹೆಚ್ಚುಕಡಿಮೆ ಬರುತ್ತದೆ.

ನಂಬಬೇಕಾದದ್ದು ಇಂಜಿನ್‌ನ ಒಟ್ಟು ಬಳಕೆಯ ಅಂಕಿಯನ್ನು. ಟ್ರಿಪ್ ಶುರುವಾದಾಗ 25,000 ಲೀಟರ್, ಮುಗಿದಾಗ 25,186 ಇದ್ದರೆ ಬಳಕೆ 186. ಇದರಲ್ಲೂ ಕೆಲವು ಶೇಕಡಾ ವ್ಯತ್ಯಾಸ ಇರಬಹುದು, ಆದರೆ ಒಂದು ಗಾಡಿಯಲ್ಲಿ ಅದು ಹೆಚ್ಚಾಗಿ ಒಂದೇ ಕಡೆಗೆ ವಾಲಿರುತ್ತದೆ. ಒಂದೇ ಬಂಕಿನಲ್ಲಿ, ಗಾಡಿ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಟ್ಯಾಂಕ್ ಫುಲ್‌ನಿಂದ ಟ್ಯಾಂಕ್ ಫುಲ್‌ಗೆ ಐದಾರು ಸಲ ಹೋಲಿಸಿ ಆ ಗಾಡಿಗೊಂದು ತಿದ್ದುಪಡಿ ಗುಣಾಂಕ ಇಟ್ಟುಕೊಳ್ಳಿ. ಆಮೇಲೂ ಯಾವುದೋ ಒಂದು ಟ್ರಿಪ್‌ನಲ್ಲಿ ಬಿಲ್ಲು 20 ಲೀಟರ್ ಹೆಚ್ಚಿದ್ದರೆ ಆಗ ಡ್ರೈವರನ್ನು ಕೇಳಿ. ಅದಕ್ಕೆ ಮುಂಚೆ ಮೂರು ಪೋರ್ಟಲ್‌ನ ವ್ಯತ್ಯಾಸ ಹಿಡಿದುಕೊಂಡು ಬಾಟಾ ಕಡಿತ ಮಾಡುವುದು ಅನ್ಯಾಯ. ಟ್ಯಾಂಕ್ ಮಟ್ಟದ ಫ್ಲೋಟ್ ಸೆನ್ಸರ್ ಕಳ್ಳತನ ಹಿಡಿಯಲು ಸಾಲದು. 400 ಲೀಟರ್ ಟ್ಯಾಂಕಿನಲ್ಲಿ ಒಂದು ಅಂಕವೆಂದರೆ ಸಿದ್ಧಾಂತದಲ್ಲಿ 1.6 ಲೀಟರ್, ಆದರೆ ರಸ್ತೆಯಲ್ಲಿ ಡೀಸೆಲ್ ತುಳುಕುವಾಗ ಅದಕ್ಕಿಂತ ಎಷ್ಟೋ ಪಟ್ಟು ಏರಿಳಿತ ಕಾಣುತ್ತದೆ. ಹಳೆಯ 12 ಗಾಡಿಗಳಿಗೆ ಬೇಕೇ ಬೇಕೆಂದರೆ ಟ್ಯಾಂಕಿಗೆ ಇಳಿಬಿಡುವ ಕೆಪ್ಯಾಸಿಟಿವ್ ಸೆನ್ಸರ್ ಹಾಕಿಸಿ. ಟ್ಯಾಂಕ್ ಬರಿದು ಮಾಡಿ, 20 ಲೀಟರ್‌ನಂತೆ ತುಂಬುತ್ತ ಪ್ರತಿ ಹಂತದ ರೀಡಿಂಗ್ ಬರೆದುಕೊಳ್ಳದೆ ಹಾಕಿದರೆ ಆ ದುಡ್ಡು ದಂಡ.

ಸ್ವಂತ ಸರ್ವರ್‌ಗೆ ಟ್ರ್ಯಾಕಾರ್ ಎಂಬ ಓಪನ್ ಸೋರ್ಸ್ ಸಾಫ್ಟ್‌ವೇರ್ ಸಾಕು. ಅಪಾಚಿ 2.0 ಲೈಸೆನ್ಸ್, ಇನ್ನೂರಕ್ಕೂ ಹೆಚ್ಚು ಡಿವೈಸ್ ಪ್ರೋಟೋಕಾಲ್ (ಡಿವೈಸ್ ಮಾತಾಡುವ ಭಾಷೆ) ಅದಕ್ಕೆ ಅರ್ಥವಾಗುತ್ತದೆ, ಒಂದೊಂದು ಪ್ರೋಟೋಕಾಲ್‌ಗೆ ಒಂದೊಂದು ಪೋರ್ಟ್. ಎಐಎಸ್‌-140 ನಮೂನೆಗೆ ಅದರಲ್ಲಿರುವ ಐಟಿಎಸ್ ಎಂಬ ಪ್ರೋಟೋಕಾಲ್‌ನಿಂದ ಶುರು ಮಾಡಿ. 38 ಗಾಡಿಗೆ 2 ಜಿಬಿ ರ್‍ಯಾಮ್‌ನ ಸಣ್ಣ ಕ್ಲೌಡ್ ಸರ್ವರ್ ಸಾಕು. ಆದರೆ ಜೊತೆಗೆ ಬರುವ ಎಚ್‌2 ಡೇಟಾಬೇಸ್ ಪರೀಕ್ಷೆಗಷ್ಟೇ, ಮೊದಲ ದಿನವೇ ಪೋಸ್ಟ್‌ಗ್ರೆಸ್ ಅಥವಾ ಮೈಎಸ್‌ಕ್ಯೂಎಲ್‌ಗೆ ಹೋಗಿ. ದಿನಕ್ಕೆ 12 ಗಂಟೆ, 30 ಸೆಕೆಂಡಿಗೊಂದು ಪಾಯಿಂಟ್ ಅಂದರೆ ಗಾಡಿಗೆ 1,440 ಸಾಲು. 38 ಗಾಡಿಗೆ ವರ್ಷಕ್ಕೆ ಸುಮಾರು ಎರಡು ಕೋಟಿ ಸಾಲು. ಆರು ತಿಂಗಳಿಗಿಂತ ಹಳೆಯದನ್ನು ಬೇರೆ ಫೈಲಿಗೆ ಇಳಿಸುವ ವ್ಯವಸ್ಥೆ ಮೊದಲೇ ಮಾಡಿಕೊಳ್ಳದಿದ್ದರೆ ಮುಂದಿನ ವರ್ಷ ರಿಪೋರ್ಟ್ ತೆರೆಯಲು ಕಾಯುತ್ತ ಕೂರಬೇಕು.

ಮೊದಲು ಎರಡೇ ಗಾಡಿ, ಹದಿನೈದು ದಿನ. ಸಿಮ್ ಪಟ್ಟಿಗೆ ಐಪಿ ಸೇರಿದ ಮೇಲೆ ಡಿವೈಸ್‌ನ ಈಗಿನ ಸೆಟ್ಟಿಂಗ್‌ಗಳನ್ನೆಲ್ಲ ಎಸ್‌ಎಂಎಸ್ ಕಮಾಂಡ್‌ನಿಂದ ತರಿಸಿ ಬರೆದಿಟ್ಟುಕೊಳ್ಳಿ, ಆಮೇಲಷ್ಟೇ ಹೊಸ ವಿಳಾಸ ಸೇರಿಸಿ. ಟ್ರ್ಯಾಕಾರ್ ಲಾಗ್ ತೆರೆದು ನೋಡಿದರೆ ಬಂದ ಪ್ಯಾಕೆಟ್ ಹೆಕ್ಸ್ ರೂಪದಲ್ಲಿ ಕಾಣುತ್ತದೆ. ಐಎಂಇಐ ಇನ್ನೂ ಸೇರಿಸಿರದಿದ್ದರೆ ಅಪರಿಚಿತ ಡಿವೈಸ್ ಎಂಬ ಎಚ್ಚರಿಕೆ ಬರುತ್ತದೆ. ಇದು ಒಳ್ಳೆಯ ಸುದ್ದಿ, ತಂತಿ-ಸಿಮ್-ಪೋರ್ಟ್ ಎಲ್ಲ ಸರಿಯಿದೆ ಎಂದರ್ಥ. ಪ್ಯಾಕೆಟ್ ಬಂದೂ ಅರ್ಥವಾಗದಿದ್ದರೆ ಡಿವೈಸ್ ತಯಾರಕರು ಸ್ಟ್ಯಾಂಡರ್ಡ್‌ನ ಸಾಲಿನಲ್ಲಿ ಒಂದೆರಡು ಕಾಲಂ ಆಚೀಚೆ ಮಾಡಿರುತ್ತಾರೆ, ಅವರ ಪ್ರೋಟೋಕಾಲ್ ದಾಖಲೆ ಕೇಳಿ ಪಡೆಯಬೇಕು. ಎರಡು ತಪ್ಪು ಸಾಮಾನ್ಯ. ಡಿವೈಸ್ ಕಳಿಸುವುದು ಯುಟಿಸಿ ಸಮಯ, ಅದಕ್ಕೆ ಐದೂವರೆ ಗಂಟೆ ಸೇರಿಸುವುದನ್ನು ಮರೆಯುತ್ತಾರೆ ಅಥವಾ ಎರಡು ಕಡೆ ಸೇರಿಸುತ್ತಾರೆ. ಬೆಳಗಿನ ಜಾವದ ಟ್ರಿಪ್‌ಗಳು ಆಗ ತಪ್ಪು ದಿನಕ್ಕೆ ಬೀಳುತ್ತವೆ. ಇನ್ನೊಂದು, ನೆಟ್‌ವರ್ಕ್ ಇಲ್ಲದ ಕಡೆ ಡಿವೈಸ್ ಪಾಯಿಂಟ್‌ಗಳನ್ನು ಕೂಡಿಟ್ಟು ಆಮೇಲೆ ಕಳಿಸುತ್ತದೆ. 40,000 ಪ್ಯಾಕೆಟ್ ಕೂಡಿಡುವ ಸಾಮರ್ಥ್ಯ ಇರಲೇಬೇಕೆಂದು ಸ್ಟ್ಯಾಂಡರ್ಡ್ ಹೇಳುತ್ತದೆ. ಸರ್ವರ್‌ಗೆ ಬಂದ ಸಮಯದ ಪ್ರಕಾರ ಜೋಡಿಸಿದರೆ ಲಾರಿ ಮ್ಯಾಪಿನಲ್ಲಿ ಹಿಂದಕ್ಕೂ ಮುಂದಕ್ಕೂ ಹಾರುತ್ತದೆ, ಡಿವೈಸ್ ಸಮಯದ ಪ್ರಕಾರವೇ ಜೋಡಿಸಬೇಕು. ಸಿಮ್ ಡೇಟಾವನ್ನೂ ಲೆಕ್ಕ ಹಾಕಿ: 10 ಸೆಕೆಂಡಿಗೊಂದರಂತೆ 12 ಗಂಟೆ ಕಳಿಸಿದರೆ ಒಂದು ವಿಳಾಸಕ್ಕೆ ತಿಂಗಳಿಗೆ ಸುಮಾರು 40 ಎಂಬಿ. ವಿಳಾಸ ಹೆಚ್ಚಿದಂತೆ ಇದೂ ಹೆಚ್ಚುತ್ತದೆ, ಪ್ಲಾನ್ ಮುಗಿದರೆ ಸರ್ಕಾರಿ ಸರ್ವರ್‌ಗೂ ಡೇಟಾ ನಿಲ್ಲುತ್ತದೆ.

ವಾರಂಟಿಯ ಭಯ ಇಲ್ಲಿಯವರೆಗೆ ಬರುವುದಿಲ್ಲ, ಏಕೆಂದರೆ ಗಾಡಿಯ ತಂತಿ ಮುಟ್ಟಿಲ್ಲ. ಇಂಜಿನ್ ಡೇಟಾಗೆಂದು ಕ್ಯಾನ್ ತಂತಿಗೆ ಕೈ ಹಾಕಿದಾಗ ಅದು ನಿಜವಾದ ಪ್ರಶ್ನೆ. ಇನ್ಸುಲೇಷನ್ ಕೆರೆದು ತಂತಿ ಸುತ್ತಿದ್ದರೆ, ಮುಂದೆ ವೈರಿಂಗ್ ತೊಂದರೆ ಬಂದಾಗ ಶೋರೂಮಿನವರು ಬೊಟ್ಟು ಮಾಡುವುದು ಅದಕ್ಕೇ, ಅವರದ್ದು ತಪ್ಪೆನ್ನಲೂ ಆಗದು. ತಂತಿಯ ಮೇಲೆ ಕ್ಲಿಪ್‌ನಂತೆ ಕೂರುವ ಕಾಂಟ್ಯಾಕ್ಟ್‌ಲೆಸ್ ರೀಡರ್ ಸಿಗುತ್ತದೆ, ಅದು ಕೇಳುತ್ತದಷ್ಟೇ, ಮಾತಾಡುವುದಿಲ್ಲ. ನೇರವಾಗಿ ಸೇರಿಸುವುದಾದರೆ ಡಿವೈಸ್ ಲಿಸನ್-ಓನ್ಲಿ ಮೋಡ್‌ನಲ್ಲೇ ಇರಬೇಕು, ಕವಲು ತಂತಿ ಒಂದು ಮೀಟರ್ ಮೀರಬಾರದು. ಕೀ ಆಫ್ ಮಾಡಿ, ಬ್ಯಾಟರಿ ಕಟ್-ಆಫ್ ಹಾಕಿ, ಮಲ್ಟಿಮೀಟರಿನಿಂದ ಎರಡು ಕ್ಯಾನ್ ತಂತಿಗಳ ನಡುವೆ ಅಳೆದರೆ 60 ಓಮ್ ಬರಬೇಕು, ಎರಡು ತುದಿಗೂ 120 ಓಮ್ ಇರುವುದರಿಂದ. ಡಿವೈಸ್ ಸೇರಿಸಿದ ಮೇಲೆ 40 ಆದರೆ ಅದರೊಳಗಿನ ಟರ್ಮಿನೇಟರ್ (ಇನ್ನೊಂದು 120 ಓಮ್) ಆನ್ ಆಗಿದೆ, ತೆಗೆಸಿ. ಇಲ್ಲದಿದ್ದರೆ ಡ್ಯಾಶ್‌ಬೋರ್ಡಿನಲ್ಲಿ ಯಾವ್ಯಾವುದೋ ಲೈಟು ಬಂದುಹೋಗುತ್ತ ಎಲ್ಲರ ತಲೆ ತಿನ್ನುತ್ತದೆ. ಕೆಲವು ಹೊಸ ಗಾಡಿಗಳಲ್ಲಿ ಡಯಾಗ್ನೊಸ್ಟಿಕ್ ಸಾಕೆಟ್ ಹಿಂದೆ ಗೇಟ್‌ವೇ ಇರುತ್ತದೆ, ಅಲ್ಲಿ ಸುಮ್ಮನೆ ಕೇಳಿದರೆ ಏನೂ ಕೇಳಿಸುವುದಿಲ್ಲ. ಬಲವಂತ ಬೇಡ. ಆ ಗಾಡಿಗಳ ಇಂಜಿನ್ ಡೇಟಾವನ್ನು ಕಂಪನಿ ಪೋರ್ಟಲ್‌ನ ಎಪಿಐ ಮೂಲಕವೇ ತೆಗೆದುಕೊಳ್ಳುವುದು ವಾಸಿ.

ಡಿವೈಸ್‌ನ ಔಟ್‌ಪುಟ್‌ಗೆ ಡೀಸೆಲ್ ಕಟ್ ಮಾಡುವ ರಿಲೇ ಕೊಡುತ್ತೇವೆ ಎನ್ನುವವರೂ ಸಿಗುತ್ತಾರೆ. 40 ಟನ್ ಸ್ಟೀಲ್ ಹೊತ್ತು ಇಳಿಜಾರಿನಲ್ಲಿರುವ ಗಾಡಿಯ ಇಂಜಿನ್ ಆಫೀಸಿನಿಂದ ನಿಲ್ಲಿಸಬಲ್ಲ ಬಟನ್ ಯಾರ ಮೊಬೈಲಿನಲ್ಲೂ ಇರಬಾರದು ಎಂಬುದು ನನ್ನ ಅಭಿಪ್ರಾಯ.

ನಾನಾಗಿದ್ದರೆ ಎಲ್ಲ 38 ಗಾಡಿಗಳ ಜಾಗದ ಮಾಹಿತಿಯನ್ನು ಮೂರನೆಯ ವಿಳಾಸದ ಮೂಲಕ ಸ್ವಂತ ಸರ್ವರ್‌ಗೆ ತರಿಸುತ್ತಿದ್ದೆ, 26 ಬಿಎಸ್‌6 ಗಾಡಿಗಳ ಪೋರ್ಟಲ್ ಸಬ್‌ಸ್ಕ್ರಿಪ್ಷನ್ ಇರುವಷ್ಟು ದಿನ ಅವುಗಳ ಎಪಿಐಯಿಂದ ಡೀಸೆಲ್ ಅಂಕಿ ತೆಗೆಯುತ್ತಿದ್ದೆ, ಕ್ಯಾನ್ ರೀಡರನ್ನು ಹೆಚ್ಚು ದೂರ ಓಡುವ ನಾಲ್ಕೈದು ಗಾಡಿಗಳಿಗೆ ಮಾತ್ರ ಹಾಕಿ ನೋಡುತ್ತಿದ್ದೆ. ಮೂರೂ ಕಂಪನಿಯ ಅಂಕಿಗಳನ್ನು ಒಳಗೆ ತರುವಾಗಲೇ ಒಂದೇ ಹೆಸರು, ಒಂದೇ ಅಳತೆಗೆ ಇಳಿಸಿಕೊಳ್ಳಬೇಕು. ಅದಕ್ಕೆ ಹೊಸದಾಗಿ ಹೆಸರು ಹುಡುಕುವ ಬದಲು ಆರ್‌ಎಫ್‌ಎಂಎಸ್‌ನ ಹೆಸರುಗಳನ್ನೇ ಇಟ್ಟುಕೊಳ್ಳಲಿ ಎಂದು ಮಗನಿಗೆ ಹೇಳಿ. ವಾಹನ ಡೇಟಾಗೆ ಒಂದೇ ಬಗೆಯ ಹೆಸರು ಕೊಡುವ, ಕೊವೆಸಾ ಸಂಸ್ಥೆಯ ವಿಎಸ್‌ಎಸ್ ಪಟ್ಟಿಯೂ ಇದೆ, ಅದೂ ಚೆನ್ನಾಗಿದೆ, ಆದರೆ ಟ್ರಾನ್ಸ್‌ಪೋರ್ಟ್ ಆಫೀಸಿನ ಅಗತ್ಯಕ್ಕೆ ಮೊದಲನೆಯದು ಹತ್ತಿರ. ಮಗ ಬೇರೆ ಊರಿನಲ್ಲಿ ಕೆಲಸದಲ್ಲಿದ್ದು, ರಾತ್ರಿ ಸರ್ವರ್ ನಿಂತರೆ ನೋಡುವವರು ಯಾರೂ ಇಲ್ಲದಿದ್ದರೆ, ಸ್ವಂತ ಸರ್ವರ್‌ಗಿಂತ ಒಳ್ಳೆಯ ಕರಾರಿನ ಬೇರೆ ಕಂಪನಿಯೇ ಮೇಲು. ಆ ಕರಾರಿನಲ್ಲಿ ಡಿವೈಸ್ ಪಾಸ್‌ವರ್ಡ್, ಪ್ರೋಟೋಕಾಲ್ ದಾಖಲೆ, ಸಿಮ್ ಪಟ್ಟಿಗೆ ನಿಮ್ಮ ಐಪಿ ಸೇರಿಸುವ ಬದ್ಧತೆ, ಕೇಳಿದಾಗ ಕಚ್ಚಾ ಡೇಟಾ ಕೊಡುವ ಷರತ್ತು, ಈ ನಾಲ್ಕೂ ಬರಹದಲ್ಲಿರಲಿ.

ಹಳೆಯ ಡೇಟಾ ವಿಷಯದಲ್ಲಿ ಮಾತ್ರ ಅವರು ಹೆದರಿಸಿದ್ದರಲ್ಲಿ ಅರ್ಧ ನಿಜವಿದೆ, ಅದು ಇರುವುದು ಅವರ ಸರ್ವರ್‌ನಲ್ಲೇ. ರಿನ್ಯೂವಲ್ ತಾರೀಖಿಗೆ ಮುಂಚೆ, ಲಾಗಿನ್ ಇನ್ನೂ ನಡೆಯುತ್ತಿರುವಾಗಲೇ, ತಿಂಗಳು ತಿಂಗಳಾಗಿ ಸಿಎಸ್‌ವಿ (ಎಕ್ಸೆಲ್‌ನಲ್ಲಿ ತೆರೆಯುವ ಸಾಲು-ಕಾಲಂ ಫೈಲು) ಇಳಿಸಿಕೊಳ್ಳಿ. ಐಎಂಇಐ, ಸಮಯ, ಅಕ್ಷಾಂಶ, ರೇಖಾಂಶ, ವೇಗ, ಇಗ್ನಿಷನ್ ಈ ಆರು ಕಾಲಂ ಇದ್ದರೆ ಸಾಕು. ಬರೀ ಟ್ರಿಪ್ ಸಾರಾಂಶದ ಪಿಡಿಎಫ್ ಕೊಟ್ಟರೆ ಒಪ್ಪಬೇಡಿ, ಅದರಿಂದ ಮುಂದೆ ಯಾವ ಲೆಕ್ಕವನ್ನೂ ಮರಳಿ ಹಾಕಲಾಗದು.